ನಾಲ್ಕು ಕಲ್ಲು, ಏಳು ದಿನ: ಫ್ರಾನ್ಸಿನ ಲೋಝೇರ್

ಫ್ರಾನ್ಸಿನ ರಸ್ತೆಯಲ್ಲಿ ಎದುರಾದ ಕಾರಿನ ನಂಬರ್ ಪ್ಲೇಟಿನ ಬಲತುದಿಯಲ್ಲಿ 48 ಎಂದಿದ್ದರೆ ಮಾಲೀಕ ಲೋಝೇರಿನವನು, ಇಲ್ಲವೇ ಲೋಝೇರಿನವನು ಅನ್ನಿಸಿಕೊಳ್ಳಲು ಇಷ್ಟಪಡುವವನು. 2009ರಿಂದ ಯಾವ ಜಿಲ್ಲೆಯ ಅಂಕಿಯನ್ನಾದರೂ ಹಾಕಿಸಿಕೊಳ್ಳಬಹುದು. ಅಂಕಿಗಳು ಅಕಾರಾದಿಯಾಗಿ ಬಂದವು: ಲೋಟ್ 46, ಲೋಟ್-ಎ-ಗಾರೋನ್ 47, ಲೋಝೇರ್ 48.

ಜಿಲ್ಲೆ ಎಂದದ್ದು ಸುಮ್ಮನೆ ಅಲ್ಲ. ಫ್ರೆಂಚರ 'ದೆಪಾರ್ತ್‌ಮಾಂ' ನಮ್ಮ ಜಿಲ್ಲೆಗೆ ಬಹಳ ಹತ್ತಿರ. ಸರ್ಕಾರ ನೇಮಿಸುವ ಪ್ರಿಫೆ ನಮ್ಮ ಜಿಲ್ಲಾಧಿಕಾರಿಯ ಹಾಗೆ. ಜನ ಆರಿಸುವ ಕೌನ್ಸಿಲ್ ಜಿಲ್ಲಾ ಪಂಚಾಯಿತಿಯ ಹಾಗೆ. 'ಡಿ' ಅಕ್ಷರದ ರಸ್ತೆಗಳೆಲ್ಲ ಆ ಕೌನ್ಸಿಲ್ಲಿನ ಪಾಲಿಗೆ. 1790ರಲ್ಲಿ ಕ್ರಾಂತಿಯವರು ಹಳೆಯ ಪ್ರಾಂತ್ಯಗಳನ್ನು ಒಡೆದು ಬೆಟ್ಟ, ಹೊಳೆಗಳ ಹೆಸರಿಟ್ಟಾಗ ಜೇವೋದಾನ್ ಎಂಬ ಸೀಮೆ ಲೋಝೇರ್ ಆಯಿತು.

ವಿಸ್ತೀರ್ಣ 5,167 ಚದರ ಕಿ.ಮೀ. ಅಂದರೆ ಕೊಡಗಿಗಿಂತ ಸಾವಿರ ಚದರ ಕಿ.ಮೀ. ಹೆಚ್ಚು. ಕೊಡಗಿನಲ್ಲಿ 2011ರ ಗಣತಿಯಂತೆ ಐದೂವರೆ ಲಕ್ಷ ಜನ; ಇಲ್ಲಿ ಎಪ್ಪತ್ತೇಳು ಸಾವಿರದ ಆಸುಪಾಸು. ಫ್ರಾನ್ಸಿನ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಕಡಿಮೆ ಜನರಿರುವ ಜಿಲ್ಲೆ ಇಲ್ಲ. ಹತ್ತೊಂಬತ್ತನೇ ಶತಮಾನದ ನಡುವೆ 1.4 ಲಕ್ಷ ದಾಟಿದ್ದ ಸಂಖ್ಯೆ, ಗಣಿ ಮತ್ತು ಪೇಟೆಗಳು ಕರೆದ ಮೇಲೆ ಅರ್ಧಕ್ಕೆ ಇಳಿಯಿತು. ಇನ್ನೊಂದು ವಿಶೇಷ: ಹೊರಗಿನ ಯಾವ ಹೊಳೆಯೂ ಈ ಜಿಲ್ಲೆಯೊಳಗೆ ಹರಿದು ಬರುವುದಿಲ್ಲ. ಲೋಟ್, ತಾರ್ನ್, ಆಲಿಯೇ ಇಲ್ಲಿ ಹುಟ್ಟಿ ಅಟ್ಲಾಂಟಿಕ್ಕಿಗೆ ಹೋಗುತ್ತವೆ. ಗಾರ್ದೋನ್, ಸೆಝ್, ಶಾಸ್ಸೆಝಾಕ್ ಮೆಡಿಟರೇನಿಯನ್ನಿಗೆ. ಜನರ ಹಾಗೆ ನೀರೂ ಹೊರಕ್ಕೇ.

ಲೋಝೇರನ್ನು ಓದಲು ಗೋಡೆ ನೋಡಬೇಕು. ಈಶಾನ್ಯದ ಮಾರ್ಜರೀಡ್ ಗ್ರಾನೈಟ್, ವಾಯವ್ಯದ ಓಬ್ರಾಕ್ ಬಸಾಲ್ಟ್, ನೈಋತ್ಯದ ಕೋಸ್ ಸುಣ್ಣಕಲ್ಲು, ಆಗ್ನೇಯದ ಸೆವೆನ್ ಎಂಬ ಬೆಟ್ಟಸೀಮೆ ಪದರಗಲ್ಲು. (ಕೋಸ್ ಎಂದರೆ ಸುಣ್ಣಕಲ್ಲಿನ ಬಯಲುದಿಣ್ಣೆ, ಎಲೆಕೋಸಿಗೂ ಅದಕ್ಕೂ ನಂಟಿಲ್ಲ.) ಕಲ್ಲು ಬದಲಾದ ಕಡೆ ಮನೆ, ದನ, ಊಟ, ಕೆಲವೆಡೆ ಧರ್ಮ ಕೂಡ ಬದಲಾಗುತ್ತದೆ. ಮುಂದಿನ ಏಳು ದಿನದ ದಾರಿಯನ್ನು ಆ ಲೆಕ್ಕದಲ್ಲೇ ಹಾಕಿದ್ದು.

ಹೊರಡುವ ಮುನ್ನ

ಗುರುವಾರ ಶುರುವಾಗುವಂತೆ ನೋಡಿಕೊಳ್ಳಿ. ಮೂರನೇ ದಿನ ಮಾಂದ್ ಪಟ್ಟಣದ ಶನಿವಾರದ ಸಂತೆ ಸಿಗುತ್ತದೆ. ಜೂನ್ ಅಥವಾ ಸೆಪ್ಟೆಂಬರಿನ ಮೊದಲ ವಾರಗಳು ಒಳ್ಳೆಯವು. ಆಗಸ್ಟಿನಲ್ಲಿ ತಾರ್ನ್ ಕಣಿವೆಯ ಕಿರಿದಾದ ರಸ್ತೆ ಕ್ಯಾರವಾನುಗಳಿಂದ ಕಟ್ಟಿಕೊಳ್ಳುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರಿನವರೆಗೆ 'ಸೆವೆನ್ ಮಳೆ'ಯ ಭಯ. ಮೆಡಿಟರೇನಿಯನ್ನಿನ ಬೆಚ್ಚಗಿನ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ಒಂದೇ ಕಡೆ ಗಂಟೆಗಟ್ಟಲೆ ಸುರಿಯುತ್ತದೆ. ಆಗುಂಬೆಗೆ ಮಳೆ ತರುವ ಸೂತ್ರವೇ ಇದು. ಆದರೆ ಇಲ್ಲಿ ತಿಂಗಳುಗಟ್ಟಲೆಯದು ಒಂದೆರಡು ದಿನದಲ್ಲಿ ಬೀಳುವುದುಂಟು. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಹೊಳೆಯಂಚಿನ ರಸ್ತೆ ಬೇಡವೇ ಬೇಡ.

ಬಸ್ಸು, ರೈಲು ನಂಬಿ ಈ ಪ್ರವಾಸ ಆಗುವುದಿಲ್ಲ. ಮಾಂದ್, ಮಾರ್ವೆಜೋಲ್, ಲಾಂಗೋನ್ಯಿಗೆ ರೈಲುಂಟು, ಆದರೆ ದಿನಕ್ಕೆ ಬೆರಳೆಣಿಕೆ. ಕ್ಲೆರ್ಮೋಂ-ಫೆರಾಂನಲ್ಲಿ ಕಾರು ಬಾಡಿಗೆಗೆ ಹಿಡಿದು ನೀಮ್‌ನಲ್ಲಿ ಬಿಡುವುದು ಸಲೀಸು. ಬೇರೆ ಊರಲ್ಲಿ ಬಿಟ್ಟರೆ ಹೆಚ್ಚುವರಿ ಶುಲ್ಕ ಇರುತ್ತದೆ, ಮೊದಲೇ ಕೇಳಿ. ಆಟೋಮ್ಯಾಟಿಕ್ ಗೇರಿನ ಕಾರು ಬೇಕಿದ್ದರೆ ವಾರಗಳ ಮುಂಚೆ ಹೇಳಬೇಕು. ನಮ್ಮ ಲೈಸೆನ್ಸು ಫ್ರೆಂಚಿನಲ್ಲಿಲ್ಲವಾದ್ದರಿಂದ ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಎರಡನ್ನೂ ಜೇಬಿನಲ್ಲಿಡಿ.

ಎಡವುವುದು ಹೆಚ್ಚಾಗಿ ಮೂರು ಕಡೆ. ಒಂದು, ಪೆಟ್ರೋಲ್. ಬಂಕುಗಳು ದೂರ ದೂರ, ಭಾನುವಾರ ಆಳಿಲ್ಲದ ಪಂಪು. ಪಿನ್ ಕೇಳುವ ಕಾರ್ಡ್ ಬೇಕು. ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ತೆರೆದಿರದಿದ್ದರೆ ಕಾರ್ಡ್ ತಿರಸ್ಕಾರವಾಗುತ್ತದೆ. ತುಂಬಿಸುವ ಮುಂಚೆ ನೂರು-ನೂರೈವತ್ತು ಯೂರೋ ತಡೆಹಿಡಿಯುವ ಪಂಪುಗಳೂ ಇವೆ, ಖಾತೆಯಲ್ಲಿ ಅಷ್ಟಿರಲಿ. 'ಗಝೋಲ್' ಎಂದು ಬರೆದದ್ದು ಡೀಸೆಲ್. ಗ್ಯಾಸೊಲಿನ್ ಎಂದುಕೊಂಡು ಪೆಟ್ರೋಲ್ ಕಾರಿಗೆ ಹಾಕಿದರೆ ಪ್ರವಾಸ ಅಲ್ಲಿಗೆ ಮುಗಿಯಿತು. ಎರಡು, ಊಟ. ಅಡುಗೆಮನೆ ಹನ್ನೆರಡಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತದೆ, ಎರಡಕ್ಕೆ ಹೋದವರಿಗೆ ಕಾಫಿ ಮಾತ್ರ. ಮೂರು, ಸಮಯದ ಲೆಕ್ಕ. ನಕ್ಷೆಯಲ್ಲಿ 40 ಕಿ.ಮೀ. ಕಂಡರೆ ಒಂದು ಗಂಟೆ ಎಂದೇ ಇಟ್ಟುಕೊಳ್ಳಿ. ದೇಶವಿಡೀ 2018ರಲ್ಲಿ ಇಂಥ ರಸ್ತೆಗಳ ಮಿತಿ 80ಕ್ಕೆ ಇಳಿದ ಮೇಲೆ ಇಲ್ಲಿನ ಕೌನ್ಸಿಲ್ ಕೆಲವು ರಸ್ತೆಗಳನ್ನು ಮತ್ತೆ 90ಕ್ಕೆ ಏರಿಸಿತು, ಬೋರ್ಡು ನೋಡಿ. ತಿರುವುಗಳಲ್ಲಿ 40 ದಾಟಲು ಹೇಗೂ ಮನಸ್ಸಾಗುವುದಿಲ್ಲ.

ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಹಿಮದ ಟೈರು ಅಥವಾ ಸರಪಳಿ ಕಡ್ಡಾಯ.

ಮೊದಲ ದಿನ, ಗುರುವಾರ: ಮಾರ್ಜರೀಡಿನ ಗ್ರಾನೈಟ್

ಕ್ಲೆರ್ಮೋಂನಿಂದ ಎ75 ಹೆದ್ದಾರಿ. ಟೋಲ್ ಇಲ್ಲ (ಇಡೀ ದಾರಿಯಲ್ಲಿ ಮೀಯೋ ಸೇತುವೆಗೆ ಮಾತ್ರ ಕಟ್ಟಬೇಕು, ನಾವು ಅಲ್ಲಿಯವರೆಗೆ ಹೋಗುವುದಿಲ್ಲ). ಎರಡು ಗಂಟೆಯೊಳಗೆ ಸಾವಿರ ಮೀಟರಿಗೆ ಏರಿ ಸ್ಯಾನ್ ಆಲ್ಬಾನ್-ಸುರ್-ಲಿಮಾನ್ಯೋಲ್ ತಲುಪುತ್ತೀರಿ. ಸುತ್ತ ಪೈನ್ ಕಾಡು, ಹುಲ್ಲುಗಾವಲು, ಆನೆ ಮಲಗಿದಂಥ ಗುಂಡುಕಲ್ಲು. ಚಿತ್ರದುರ್ಗದ ಕಡೆಯವರಿಗೆ ಕಲ್ಲು ಗುರುತು ಸಿಗುತ್ತದೆ, ಚಳಿ ಸಿಗುವುದಿಲ್ಲ.

ಈ ಪುಟ್ಟ ಊರಿನ ಮಾನಸಿಕ ಆಸ್ಪತ್ರೆ ಜಗತ್ತಿನ ಮನೋವೈದ್ಯಕೀಯದ ಇತಿಹಾಸದಲ್ಲಿದೆ. ಫ್ರಾಂಕೋನ ಸ್ಪೇನಿನಿಂದ ತಪ್ಪಿಸಿಕೊಂಡ ಕ್ಯಾಟಲನ್ ವೈದ್ಯ ಫ್ರಾನ್ಸೆಸ್ಕ್ ತೊಸ್ಕೆಲ್ಯಸ್ 1940ರಲ್ಲಿ ಇಲ್ಲಿಗೆ ಬಂದ. ಯುದ್ಧದ ವರ್ಷಗಳಲ್ಲಿ ಫ್ರಾನ್ಸಿನ ಇಂಥ ಆಸ್ಪತ್ರೆಗಳಲ್ಲಿ ಹತ್ತಾರು ಸಾವಿರ ರೋಗಿಗಳು ಹಸಿವಿನಿಂದ ಸತ್ತರು. ಇಲ್ಲಿ ರೋಗಿಗಳನ್ನು ಹೊರಗೆ ಬಿಟ್ಟರು. ಅವರು ಸುತ್ತಲ ರೈತರ ಹೊಲಗಳಲ್ಲಿ ದುಡಿದು ಆಹಾರ ತಂದರು. ಸುತ್ತುಗೋಡೆ ಕಳಚಿತು. ನಾಜಿಗಳಿಂದ ಅಡಗಿದ್ದ ಕವಿ ಪೋಲ್ ಎಲ್ಯುಆರ್ ಇಲ್ಲಿ ಆಶ್ರಯ ಪಡೆದ. 1950ರ ದಶಕದ ಆರಂಭದಲ್ಲಿ, ಮುಂದೆ ವಸಾಹತುಶಾಹಿ ವಿರೋಧಿ ಚಿಂತಕನಾಗಿ ಹೆಸರಾದ ಮನೋವೈದ್ಯ ಫ್ರಾಂಟ್ಸ್ ಫಾನನ್ ಇಲ್ಲಿ ಕಲಿತ. ಆಸ್ಪತ್ರೆ ಇಂದಿಗೂ ನಡೆಯುತ್ತಿದೆ, ತೊಸ್ಕೆಲ್ಯಸ್ ಹೆಸರಿನಲ್ಲೇ. ಅದು ನೋಡುವ ಜಾಗವಲ್ಲ, ಚಿಕಿತ್ಸೆಯ ಜಾಗ, ಹೊರಗಿನಿಂದ ಸಾಗಿ.

ಮಾರ್ಜರೀಡಿನ ಇನ್ನೊಂದು ಕಥೆಯನ್ನು ಪ್ರತಿ ಅಂಗಡಿಯೂ ಮಾರುತ್ತದೆ: ಜೇವೋದಾನಿನ ಮೃಗ. 1764ರಿಂದ 1767ರವರೆಗೆ ನೂರರಷ್ಟು ಜನ, ಹೆಚ್ಚಿನವರು ದನ ಕಾಯುವ ಮಕ್ಕಳು ಮತ್ತು ಹೆಂಗಸರು, ಅದಕ್ಕೆ ಬಲಿಯಾದರು. ರಾಜನ ಬೇಟೆಗಾರ ಫ್ರಾನ್ಸ್ವಾ ಆಂತ್ವಾನ್ 1765ರಲ್ಲಿ ದೊಡ್ಡ ತೋಳವೊಂದನ್ನು ಕೊಂದು ವೆರ್ಸಾಯಿಗೆ ಸಾಗಿಸಿದ, ಕೊನೆಗಂಡಿತು ಎಂದರು. ಡಿಸೆಂಬರಿನಲ್ಲಿ ಸಾವು ಮತ್ತೆ ಶುರು. 1767ರ ಜೂನ್ 19ರಂದು ಸ್ಥಳೀಯ ಝಾನ್ ಶಾಸ್ತೆಲ್ ಹೊಡೆದ ಪ್ರಾಣಿಯ ನಂತರವೇ ನಿಂತಿದ್ದು. ಅದು ಏನು ಎಂಬ ಜಗಳ ಮುಗಿದಿಲ್ಲ. ಆದರೆ ಅಷ್ಟು ಮಂದಿ ಯಾಕೆ ಸಿಕ್ಕಿದರು ಎಂಬುದಕ್ಕೆ ಈ ನೆಲವೇ ಉತ್ತರ: ಒಂದೊಂದು ಮನೆ ಒಂದೊಂದು ದಿಬ್ಬದಲ್ಲಿ, ನಡುವೆ ಕಾಡು, ದನದ ಹಿಂದೆ ಹತ್ತು ವರ್ಷದ ಕೂಸು ಒಂಟಿ.

ರಾತ್ರಿ ಓಮೋಂ-ಓಬ್ರಾಕಿನಲ್ಲಿ. ಸ್ಪೇನಿನ ಸಾಂತಿಯಾಗೋಗೆ ನಡೆಯುವ ಯಾತ್ರಿಕರ ಜಿಆರ್ 65 ಕಾಲುದಾರಿ ಈ ಊರನ್ನು ಹಾಯುತ್ತದೆ. ಮೇ ಮತ್ತು ಸೆಪ್ಟೆಂಬರಿನಲ್ಲಿ ಹಾಸಿಗೆಗಳು ಮೊದಲೇ ತುಂಬಿರುತ್ತವೆ.

ಎರಡನೇ ದಿನ, ಶುಕ್ರವಾರ: ಓಬ್ರಾಕಿನ ಬಸಾಲ್ಟ್

ಹೆದ್ದಾರಿ ದಾಟಿ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಮರಗಳೇ ಮುಗಿಯುತ್ತವೆ. ಹಳೆಯ ಜ್ವಾಲಾಮುಖಿಯ ಲಾವಾ ಹಾಸು, ಮೇಲೆ ಹುಲ್ಲು, ಕಪ್ಪುಕಲ್ಲಿನ ಬೇಲಿಗೋಡೆ, ಗೋಧಿ ಬಣ್ಣದ ಹಸು. ಕಣ್ಣ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಅದೇ ಓಬ್ರಾಕ್ ತಳಿ. ಮೇ 25ರ ಆಸುಪಾಸು ಬಯಲುಸೀಮೆಯ ಕೊಟ್ಟಿಗೆಗಳಿಂದ ಮೇಲಕ್ಕೆ ಬಂದು ಅಕ್ಟೋಬರ್ 13ರ ಹೊತ್ತಿಗೆ ಇಳಿಯುವುದು ಹಳೆಯ ಕಟ್ಟಳೆ. ಬಯಲಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಗಿಡ್ಡ ಕಲ್ಲುಮನೆ ಬ್ಯುರೋನ್: ಬೇಸಿಗೆ ನಾಲ್ಕು ತಿಂಗಳು ಗಂಡಸರು ಅಲ್ಲೇ ಇದ್ದು ಚೀಸ್ ಮಾಡುತ್ತಿದ್ದರು. ಈಗ ಹೆಚ್ಚಿನವು ಖಾಲಿ.

ನಾಸ್ಬಿನಾಲಿನ ಇಗರ್ಜಿ ಕಂದು ಬಸಾಲ್ಟಿನದು. ಎಂಟು ಮೂಲೆಯ ಗೋಪುರ, ಹಾಸುಗಲ್ಲಿನ ಚಾವಣಿ. ಊರಿನಿಂದ ನಾಲ್ಕೈದು ಕಿ.ಮೀ. ದೂರದಲ್ಲಿ ದೆರೋಕ್ ಜಲಪಾತ, ಸುಮಾರು 30 ಮೀಟರ್ ಎತ್ತರ. ಹಿಂಬದಿಯ ಬಂಡೆ ಕಂಬಗಳಾಗಿ ಸೀಳಿದೆ. ಉಡುಪಿಯ ಸೇಂಟ್ ಮೇರೀಸ್ ದ್ವೀಪ ಕಂಡವರಿಗೆ ಲಾವಾ ತಣಿದಾಗ ಆಗುವ ಈ ಕಂಬಗಳು ಹೊಸತಲ್ಲ. ದನದ ಹೊಲದ ಗೇಟುಗಳನ್ನು ಹೇಗಿದ್ದವೋ ಹಾಗೆ ಮುಚ್ಚಿ ಸಾಗಿ. ಕರುವಿರುವ ಹಸುವಿನ ಹತ್ತಿರ ಹೋಗಬೇಡಿ.

ಮಧ್ಯಾಹ್ನ ಅಲಿಗೋ, ಅಂದರೆ ಚೀಸ್ ಬೆರೆಸಿ ತಿರುವಿದ ಆಲೂಗಡ್ಡೆ ಮುದ್ದೆ. ಸಸ್ಯಾಹಾರಿಗಳಿಗೆ ಈ ಜಿಲ್ಲೆಯಲ್ಲಿ ಇಷ್ಟು ಹೊಟ್ಟೆ ತುಂಬಿಸುವ ಊಟ ಇನ್ನೊಂದಿಲ್ಲ. ಪಕ್ಕಕ್ಕೆ ಸಾಸೇಜ್ ಬರುತ್ತದೆ, 'ಸಾಂ ವಿಯಾಂದ್' ಎಂದರೆ ಬಿಟ್ಟು ಕೊಡುತ್ತಾರೆ. (ಚೀಸ್ ಗಟ್ಟಿಯಾಗಲು ಕರುವಿನ ಹೊಟ್ಟೆಯ ರೆನೆಟ್ ಹಾಕಿರುತ್ತಾರೆ, ಅಷ್ಟು ಕಟ್ಟುನಿಟ್ಟಿನವರಿಗೆ ತಿಳಿದಿರಲಿ.) ನಾಲ್ವರಿಗೆ ಲೆಕ್ಕ: ಹಿಟ್ಟುಹಿಟ್ಟಾಗಿ ಬೇಯುವ ಆಲೂಗಡ್ಡೆ 1 ಕಿಲೋ, ತೋಮ್ ಫ್ರೆಶ್ ಎಂಬ ಮಾಗದ ಚೀಸ್ 400 ಗ್ರಾಂ, ಕೆನೆ 200–250 ಗ್ರಾಂ, ಒಂದು ಮುದ್ದೆ ಬೆಣ್ಣೆ, ಬೆಳ್ಳುಳ್ಳಿ ಒಂದೆರಡು ಎಸಳು. ಬೇಯಿಸಿ ಗಂಟಿಲ್ಲದಂತೆ ಹಿಸುಕಿ, ಬಿಸಿ ಇರುವಾಗಲೇ ಬೆಣ್ಣೆ, ಕೆನೆ, ಬೆಳ್ಳುಳ್ಳಿ ಬೆರೆಸಿ, ಸಣ್ಣ ಉರಿಯಲ್ಲಿ ಚೀಸಿನ ತೆಳು ಚೂರು ಹಾಕುತ್ತ ಮರದ ಸೌಟಿನಿಂದ ಎತ್ತಿ ಎತ್ತಿ ತಿರುವಬೇಕು. ಮುದ್ದೆ ತೊಳಸುವ ತೋಳಿದ್ದರೆ ಸುಲಭ. ಉರಿ ಜಾಸ್ತಿಯಾದರೆ ಚೀಸ್ ಒಡೆದು ಜಿಡ್ಡು ಬಿಡುತ್ತದೆ. ಮಾಗಿದ ಚೀಸ್ ಹಾಕಿದರೆ ಎಳೆ ಬರುವುದೇ ಇಲ್ಲ. ಪಾತ್ರೆಯ ಅಂಚು ಬಿಟ್ಟು, ಸೌಟು ಎತ್ತಿದರೆ ಮೊಳದುದ್ದ ರಿಬ್ಬನ್ ಇಳಿದರೆ ಸರಿ; ಆಗಲೇ ಬಡಿಸಬೇಕು. ಆರಿದ ಅಲಿಗೋ ಗೋಡೆಗೆ ಹಚ್ಚಲು ಲಾಯಕ್ಕು.

ಮಾರ್ವೆಜೋಲಿಗೆ ಇಳಿಯುವ ದಾರಿಯಲ್ಲಿ ಸ್ಯಾಂತಾಂದೆಯೋಲ್ ಕೆರೆ. ಆರನೇ ಶತಮಾನದ ಬಿಷಪ್, ತೂರಿನ ಗ್ರೆಗರಿ, ಜೇವೋದಾನಿನ ರೈತರು ಒಂದು ಕೆರೆಗೆ ಬಟ್ಟೆ, ಉಣ್ಣೆ, ಚೀಸ್ ಎಸೆದು ಹಬ್ಬ ಮಾಡುತ್ತಿದ್ದರೆಂದು ಬರೆದಿದ್ದಾನೆ. ಅದು ಇದೇ ಎಂಬುದು ಹಲವರ ಅಭಿಪ್ರಾಯ. ಬಾಗಿನದ ಕೆರೆ ಅಂದುಕೊಳ್ಳಿ. ಅದನ್ನು ಬಿಡಿಸಲು ಪಕ್ಕದಲ್ಲಿ ಇಗರ್ಜಿ ಕಟ್ಟಿಸಿದರಂತೆ.

ಮೂರನೇ ದಿನ, ಶನಿವಾರ: ಮಾಂದ್

ಮಾರ್ವೆಜೋಲಿನ ಮೂರು ಕೋಟೆಬಾಗಿಲು ನೋಡಿ ಬೇಗ ಹೊರಡಿ; ಸಂತೆ ಬೆಳಗ್ಗೆ ಮಾತ್ರ. ಮಾಂದ್ ಜಿಲ್ಲಾ ಕೇಂದ್ರ. ಕತೀಡ್ರಲ್ ಕಟ್ಟಿಸಲು ಹೊರಟವನು ಇದೇ ಜಿಲ್ಲೆಯ ಗ್ರಿಝಾಕಿನಲ್ಲಿ ಹುಟ್ಟಿದ ಪೋಪ್ ಐದನೇ ಉರ್ಬಾನ್. ಎರಡು ಗೋಪುರ, ಒಂದು 84 ಮೀಟರ್, ಇನ್ನೊಂದು 65. 1579ರ ಕ್ರಿಸ್‌ಮಸ್ ರಾತ್ರಿ ಪ್ರೊಟೆಸ್ಟೆಂಟ್ ದಳಪತಿ ಮಾತ್ಯೂ ಮೆರ್ಲ್ ಊರು ಹಿಡಿದ. 'ಸಾಟಿಯಿಲ್ಲದ್ದು' ಎಂದೇ ಹೆಸರಾಗಿದ್ದ ದೈತ್ಯ ಗಂಟೆಯನ್ನು ಕರಗಿಸಿ ಫಿರಂಗಿ ಮಾಡಿಸಿದ. ಎರಡು ಮೀಟರಿಗೂ ಉದ್ದದ ಅದರ ನಾಲಗೆ ಮಾತ್ರ ಇಗರ್ಜಿಯೊಳಗೆ ಉಳಿದಿದೆ.

ಊರು ಅರ್ಧ ದಿನಕ್ಕೆ ಸಾಕು. ಸಂಜೆ ಭಾನುವಾರಕ್ಕೂ ಸೋಮವಾರಕ್ಕೂ ಆಗುವಷ್ಟು ಬ್ರೆಡ್ಡು, ಹಣ್ಣು, ಚೀಸ್ ಕೊಳ್ಳಿ. ಟ್ಯಾಂಕ್ ತುಂಬಿಸಿ.

ನಾಲ್ಕನೇ ದಿನ, ಭಾನುವಾರ: ತಾರ್ನ್ ಕಣಿವೆ

ಸೋವ್‌ತೇರ್ ಕೋಸಿನ ಬೋಳು ಬಯಲು ದಾಟುವಾಗ ಕಣಿವೆಯ ಸುಳಿವೇ ಇರುವುದಿಲ್ಲ. ನೆಲ ಥಟ್ಟನೆ ಮುಗಿದು ರಸ್ತೆ ಸುರುಳಿಯಾಗಿ ಸ್ಯಾಂತ್ ಎನಿಮಿಗೆ ಇಳಿಯುತ್ತದೆ. ಕುಷ್ಠ ಹತ್ತಿದ ರಾಜಕುಮಾರಿ ಇಲ್ಲಿನ ಬ್ಯುರ್ಲ್ ಚಿಲುಮೆಯಲ್ಲಿ ಮಿಂದು ಗುಣವಾದಳೆಂಬ ಕಥೆ ಈ ಊರಿಗೆ ಹೆಸರು ಕೊಟ್ಟಿದೆ. ಚಿಲುಮೆಗಳ ಗುಟ್ಟು ಸರಳ: ಮೇಲೆ ಬಿದ್ದ ಮಳೆಯೆಲ್ಲ ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದು ಇಲ್ಲಿ ಹೊರಬೀಳುತ್ತದೆ. ಬಯಲು ಒಣಗಿ ಕಣಿವೆ ಹಸಿರಾಗಿರುವುದು ಇದೇ ಕಾರಣಕ್ಕೆ.

ಹದಿಮೂರು ಕಿ.ಮೀ. ಕೆಳಗೆ ಲಾ ಮಾಲೆನ್. ಇಲ್ಲಿನ ಅಂಬಿಗರು ಚಪ್ಪಟೆ ತಳದ ದೋಣಿಯಲ್ಲಿ ಸುಮಾರು 8 ಕಿ.ಮೀ. ಕೆಳಕ್ಕೆ ಒಯ್ಯುತ್ತಾರೆ, ಒಂದು ಗಂಟೆಯ ಹಾದಿ. ವಾಪಸು ವಾಹನದಲ್ಲಿ ಕರೆತರುತ್ತಾರೆ. ಕಣಿವೆ ತೀರಾ ಇಕ್ಕಟ್ಟಾಗುವ 'ದೆತ್ರ್ವಾ' ನೀರಿನಿಂದ ಮಾತ್ರ ಚೆನ್ನಾಗಿ ಕಾಣುವುದರಿಂದ ಈ ಖರ್ಚು ಸಾರ್ಥಕ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಸಾಲು ಉದ್ದ. ಕಯಾಕ್ ಬಾಡಿಗೆ ಹಿಡಿಯುವವರು ಒಂದನ್ನು ಮರೆಯಬಾರದು: ಬೋಮ್ ತಿರುವಿನಲ್ಲಿ ದಡ ಹತ್ತಲೇಬೇಕು. ಅದರ ಕೆಳಗೆ ಪಾ ದ ಸೂಸಿಯಲ್ಲಿ ಬೆಟ್ಟ ಕುಸಿದು ಹೊಳೆ ಬಂಡೆಗಳಡಿ ಮಾಯವಾಗುತ್ತದೆ; ಸಿಕ್ಕಿಕೊಂಡವರಿಗೆ ದಾರಿಯಿಲ್ಲ. ಓಡುತ್ತಿದ್ದ ಸೈತಾನನ ಮೇಲೆ ಎನಿಮಿ ಉರುಳಿಸಿದ ಬಂಡೆಗಳಂತೆ ಅವು.

ಸಂಜೆಯ ಬೆಳಕಿಗೆ ಪ್ವಾನ್ ಸುಬ್ಲೀಮ್ ದಿಬ್ಬ ಹತ್ತಿ. ಹೊಳೆ ನಾನೂರು ಮೀಟರ್ ಕೆಳಗೆ ದಾರದೆಳೆಯ ಹಾಗೆ. ರಾತ್ರಿ ಲ ರೋಝಿಯೆಯಲ್ಲಿ.

ಐದನೇ ದಿನ, ಸೋಮವಾರ: ಮೇಜಾನ್ ಕೋಸ್

ಝೋಂತ್ ಕಣಿವೆಯಲ್ಲಿ ಹತ್ತು ಗಂಟೆಯ ಬಿಸಿಲಿಗೆ ಗಾಳಿ ಮೇಲೇಳುತ್ತದೆ, ಅದರ ಜೊತೆ ರಣಹದ್ದುಗಳು. 1940ರ ದಶಕದ ಹೊತ್ತಿಗೆ ಇಲ್ಲಿ ಅವು ಅಳಿದಿದ್ದವು. 1981ರಿಂದ ಮತ್ತೆ ಬಿಟ್ಟು ಬೆಳೆಸಿದರು. ಸತ್ತ ಕುರಿಯನ್ನು ರೈತರು ಗೊತ್ತುಪಡಿಸಿದ ಜಾಗದಲ್ಲಿಡುತ್ತಾರೆ, ಹದ್ದುಗಳು ಗಂಟೆಯೊಳಗೆ ಮುಗಿಸುತ್ತವೆ. ರಾಮನಗರದ ಬಂಡೆಗಳಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದಿನ ದಾಯಾದಿ ಇದು. ಅಲ್ಲಿ ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಕೊಂದಿತು, ಇಲ್ಲಿ ಬಂದೂಕು ಮತ್ತು ವಿಷ.

ಆವೆನ್ ಆರ್ಮಾನ್ ಗುಹೆಗೆ ಸ್ವೆಟರ್ ಬೇಕು, ಒಳಗೆ 10–12 ಡಿಗ್ರಿ. 1897ರಲ್ಲಿ ಕಮ್ಮಾರ ಲೂಯಿ ಆರ್ಮಾನ್ 75 ಮೀಟರಿನ ಬಾವಿಯಂಥ ಕಂಡಿಯಲ್ಲಿ ಹಗ್ಗ ಹಿಡಿದು ಇಳಿದ. ಅವನನ್ನು ಇಳಿಸಿದವನು ಗುಹಾಶೋಧಕ ಎದುಆರ್-ಆಲ್ಫ್ರೆದ್ ಮಾರ್ತೆಲ್. ಈಗ ಸುರಂಗದಲ್ಲಿ ಹಳಿಬಂಡಿ. ಸುಮಾರು 400 ಸುಣ್ಣದ ಕಂಬಗಳು, ಎತ್ತರದ್ದು 30 ಮೀಟರ್. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತವೆ: ಹನಿ ಬಹಳ ಎತ್ತರದಿಂದ ಬಿದ್ದು ಸಿಡಿದು ಅಗಲಕ್ಕೆ ಹರಡಿದ್ದಕ್ಕೆ ಹಾಗೆ.

ಮೇಲಿನ ಬಯಲಲ್ಲಿ ಮನೆಗಳನ್ನು ಗಮನಿಸಿ. ಮರವಿಲ್ಲದ್ದರಿಂದ ತೊಲೆಯಿಲ್ಲ, ನೆಲಮಾಳಿಗೆಯಿಂದ ಚಾವಣಿಯವರೆಗೆ ಕಲ್ಲಿನ ಕಮಾನು, ಮೇಲೂ ಸುಣ್ಣಕಲ್ಲಿನದೇ ಹೆಂಚು. ಬೇಸಾಯ ತಗ್ಗಿನ ಕೆಂಪುಮಣ್ಣಿನ ಬಟ್ಟಲುಗಳಲ್ಲಿ ಮಾತ್ರ. ಕುರಿಗೆ ನೀರು 'ಲಾವೋನ್ಯ್' ಎಂಬ ಕಲ್ಲುಹಾಸಿದ ದುಂಡು ಹೊಂಡದಲ್ಲಿ. ವಿಲಾರೆ ಬಳಿ ಬೇಲಿಯಾಚೆ ಗಿಡ್ಡ ಕಾಡುಕುದುರೆಗಳು ಕಂಡರೆ ಅವು ಪ್ರೆಜ್ವಾಲ್ಸ್ಕಿ. 1993ರಲ್ಲಿ 11 ಕುದುರೆ ತಂದು ಸಾಕಿ, 2004–05ರಲ್ಲಿ ಇವುಗಳ ಸಂತತಿಯನ್ನು ಮಂಗೋಲಿಯಾಕ್ಕೆ ಮರಳಿಸಿದರು. ಕುರಿಮಂದೆಯ ನಡುವೆ ಬಿಳಿಯ ದೊಡ್ಡ ನಾಯಿ ಇದ್ದರೆ ಓಡಬೇಡಿ, ಕೋಲೆತ್ತಬೇಡಿ. ನಿಂತು, ಮೆಲ್ಲಗೆ ಮಾತಾಡುತ್ತ, ಮಂದೆಯನ್ನು ದೂರದಿಂದ ಬಳಸಿ ಹೋಗಿ. ತೋಳ ಮರಳಿದೆ, ನಾಯಿ ತನ್ನ ಕೆಲಸ ಮಾಡುತ್ತಿದೆ.

ರಾತ್ರಿ ಫ್ಲೋರಾಕ್, ಎರಡು ರಾತ್ರಿಗೆ. ಸೋಮವಾರ ಹೋಟೆಲುಗಳು ಮುಚ್ಚಿರುವುದೇ ಹೆಚ್ಚು; ಶನಿವಾರದ ಚೀಸ್ ಈಗ ನೆನಪಾಗುತ್ತದೆ.

ಆರನೇ ದಿನ, ಮಂಗಳವಾರ: ಮೋಂ ಲೋಝೇರ್

ಫ್ಲೋರಾಕಿನ ಕೋಟೆಮನೆ 1970ರಲ್ಲಿ ಆದ ಸೆವೆನ್ ರಾಷ್ಟ್ರೀಯ ಉದ್ಯಾನದ ಕಚೇರಿ. ನಕ್ಷೆ, ದಾರಿ ಇಲ್ಲೇ ಕೇಳಿಕೊಳ್ಳಿ. ಕೋಸ್ ಮತ್ತು ಸೆವೆನ್ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಕುರಿಗಾಹಿ ಬದುಕು ರೂಪಿಸಿದ ನೆಲ ಎಂಬ ಕಾರಣಕ್ಕೆ.

ತಾರ್ನ್ ಗುಂಟ 20 ಕಿ.ಮೀ. ಹೋದರೆ ಲ ಪೋಂ ದ ಮೋಂವೇರ್, ಗೂನುಬೆನ್ನಿನ ಸೇತುವೆಯ ಊರು. 1685ರಲ್ಲಿ ರಾಜ ಪ್ರೊಟೆಸ್ಟೆಂಟರ ಹಕ್ಕು ಕಿತ್ತುಕೊಂಡ ಮೇಲೆ ಅವರನ್ನು ಹಿಡಿದು ಹಿಂಸಿಸುತ್ತಿದ್ದ ಪಾದ್ರಿ ದ್ಯು ಶೇಲಾ 1702ರ ಜುಲೈ 24ರ ರಾತ್ರಿ ಇಲ್ಲಿ ಕೊಲೆಯಾದ. ಅಲ್ಲಿಂದ ಹತ್ತಿಕೊಂಡದ್ದು ಕಾಮಿಸಾರರ, ಅಂದರೆ ಸೆವೆನ್ನಿನ ಪ್ರೊಟೆಸ್ಟೆಂಟ್ ದಂಗೆಕೋರರ ಯುದ್ಧ. ಮರುವರ್ಷ ಸೇನೆ ಸೆವೆನ್ನಿನ ನೂರಾರು ಹಳ್ಳಿಗಳನ್ನು ಸುಟ್ಟಿತು. ಇಂದಿಗೂ ಪದರಗಲ್ಲಿನ ಸೀಮೆಯ ಹಳ್ಳಿಗಳಲ್ಲಿ ಪ್ರೊಟೆಸ್ಟೆಂಟರ 'ತಾಂಪ್ಲ್' ಇದೆ, ಗ್ರಾನೈಟಿನ ಉತ್ತರದಲ್ಲಿ ದಾರಿಬದಿಯ ಶಿಲುಬೆ.

ಮೇಲೆ ಫಿನಿಯೆಲ್ ಘಟ್ಟದಲ್ಲಿ, 1,541 ಮೀಟರಿನಲ್ಲಿ ಕಾರು ನಿಲ್ಲಿಸಿ, ಜಿಲ್ಲೆಯ ನೆತ್ತಿಗೆ, 1,699 ಮೀಟರಿಗೆ, ನಡೆಯಿರಿ. ಹೋಗಿ ಬರಲು ಒಂದೂವರೆ ಗಂಟೆ. ಏರು ಹೆಚ್ಚಿಲ್ಲ, ಅಪಾಯ ಮಂಜಿನದು. ದುಂಡನೆಯ ಬೆನ್ನು, ಗುರುತಿಗೆ ಏನೂ ಇಲ್ಲ; ಮಂಜು ಮುಸುಕಿದರೆ ದಿಕ್ಕೇ ತಪ್ಪುತ್ತದೆ. ಹಾಗಾಗಿಯೇ ನೆಟ್ಟ ಕಲ್ಲುಗಳ ಸಾಲು. ಹಾಗಾಗಿಯೇ ಹಳ್ಳಿಗಳಲ್ಲಿ ಇಗರ್ಜಿ ಇಲ್ಲದಿದ್ದರೂ ಗಂಟೆಗೋಪುರ. ಹಿಮಗಾಳಿ ಬೀಸಿದ ರಾತ್ರಿ ದಾರಿತಪ್ಪಿದವರು ದನಿ ಹಿಡಿದು ಬರಲಿ ಎಂದು ಬಾರಿಸುತ್ತಿದ್ದರು. 1878ರಲ್ಲಿ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ ಕತ್ತೆಯೊಂದಿಗೆ ದಾಟಿದ್ದು ಇದೇ ಬೆನ್ನನ್ನು. ಜಿಆರ್ 70 ಕಾಲುದಾರಿಗೆ ಅವನ ಹೆಸರು.

ಇಳಿಯುವಾಗ ಕೊಕ್ಯುರೇಸ್ ಬಳಿ ಬಲಕ್ಕೆ ಹತ್ತಿ ಬೊಂದೋನ್ ಬಯಲಿಗೆ ಹೋಗಿ. ಸುಣ್ಣಕಲ್ಲಿನ ನೆಲದ ಮೇಲೆ ನೂರೈವತ್ತರಷ್ಟು ಗ್ರಾನೈಟ್ ನಿಲುಗಲ್ಲು. ಕಾಲಡಿಯ ಕಲ್ಲು ಬಿಟ್ಟು ಬೆಟ್ಟದ ಕಲ್ಲನ್ನೇ ಹೊತ್ತು ತಂದಿದ್ದಾರೆ. ಎರಡು ಕಲ್ಲು ಒಂದೇ ನೋಟಕ್ಕೆ ಸಿಗುವ ಜಾಗ ಜಿಲ್ಲೆಯಲ್ಲಿ ಇದೇ ಚೆಂದ.

ಏಳನೇ ದಿನ, ಬುಧವಾರ: ಸೆವೆನ್ ಇಳಿಜಾರು

ಫ್ಲೋರಾಕಿನಿಂದ ಸ್ಯಾನ್ ಝಾನ್ ದ್ಯು ಗಾರ್ ವರೆಗೆ ಸುಮಾರು 55 ಕಿ.ಮೀ. ಏಣುದಾರಿ, ಕಾಮಿಸಾರರನ್ನು ಹತ್ತಿಕ್ಕಲು ಸೇನೆ ಅಗಲ ಮಾಡಿದ್ದು. ಸ್ಯಾನ್ ಲೋರಾನ್ ದ ತ್ರೇವಿನಲ್ಲಿ ಬಂಡೆಯ ಮೇಲೆ ಡೈನೋಸಾರ್ ಹೆಜ್ಜೆ, ಹತ್ತು ನಿಮಿಷ ಸಾಕು. ಮುಂದೆ ಕಲ್ಲು ಮಿನುಗುವ ಪದರವಾಗುತ್ತದೆ, ಕಡಿದಾದ ಇಳಿಜಾರಿಗೆಲ್ಲ ಗಾರೆಯಿಲ್ಲದ ಕಲ್ಲುಗೋಡೆಯ ಮೆಟ್ಟಿಲುಹೊಲ, ತುಂಬ ಚೆಸ್ಟ್‌ನಟ್ ಮರ. 'ರೊಟ್ಟಿಮರ' ಎಂದೇ ಹೆಸರು. ಕಾಯಿಯನ್ನು 'ಕ್ಲೆದ್' ಎಂಬ ಎರಡಂತಸ್ತಿನ ಗುಡಿಸಲಿನ ಅಟ್ಟದಲ್ಲಿ ಹರಡಿ ಕೆಳಗೆ ಮೂರು-ನಾಲ್ಕು ವಾರ ಹೊಗೆಬೆಂಕಿ ಇಡುತ್ತಿದ್ದರು. ಮಲೆನಾಡಿನ ಅಡಿಕೆ ಅಟ್ಟದ ಅಣ್ಣನಂತಿದೆ. ಉರಿ ಏರಿದರೆ ಕಾಯಿ ಹುರಿದು ಹೋಗುತ್ತದೆ, ತಗ್ಗಿದರೆ ಬೂಷ್ಟು.

ಎತ್ತರದ ಕಿಟಕಿಗಳ ಉದ್ದ ಮನೆ ಕಂಡರೆ ಅದು ರೇಷ್ಮೆ ಸಾಕಣೆಯದು. ಮೂಲೆಮೂಲೆಗೆ ಒಲೆ, ಹುಳಕ್ಕೆ ಹಿಪ್ಪುನೇರಳೆ, ಚಂದ್ರಿಕೆಯ ಬದಲು ಹೀದರ್ ಗಿಡದ ಒಣರೆಂಬೆ. ಹತ್ತೊಂಬತ್ತನೇ ಶತಮಾನದ ನಡುವೆ ಪೆಬ್ರಿನ್ ರೋಗ ಇಡೀ ಸೀಮೆಯನ್ನು ಮುಳುಗಿಸಿತು. 1865ರಿಂದ ಕೆಲವು ವರ್ಷ ಪಕ್ಕದ ಆಲೆಸಿನಲ್ಲಿ ಕೂತು ಲೂಯಿ ಪಾಸ್ಚರ್ ಕಂಡುಕೊಂಡ ಉಪಾಯ: ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಡುವುದು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವ ಪರೀಕ್ಷೆಯ ಮೂಲ ಅದೇ. ಸೆವೆನ್ನಿನಲ್ಲಿ ಮಾತ್ರ ರೇಷ್ಮೆ ಉಳಿಯಲಿಲ್ಲ.

ಸ್ಯಾನ್ ಝಾನ್ ಗಾರ್ ಜಿಲ್ಲೆಗೆ ಸೇರಿದ್ದು. ಅಲ್ಲಿನ 'ಮೇಝೋಂ ರೂಜ್' ಮ್ಯೂಸಿಯಂ ಹಳೆಯ ರೇಷ್ಮೆ ನೂಲುಗಿರಣಿಯಲ್ಲೇ ಇದೆ. ಎರಡು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ನೀಮ್ ಸುಮಾರು ಒಂದೂವರೆ ಗಂಟೆ. ಕಾರು ಒಪ್ಪಿಸುವ ಮುಂಚೆ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಬಾಡಿಗೆ ಕಚೇರಿ ಮಧ್ಯಾಹ್ನ ಊಟಕ್ಕೆ ಮುಚ್ಚುತ್ತದೆಯೇ ಎಂದು ವಿಚಾರಿಸಿಯೇ ರೈಲಿನ ಟಿಕೆಟ್ ತೆಗೆಸಿ.